ಹೊಲ ಶಾಲೆಯಾಯಿತು, ಹುಲ್ಲಗಾವಲು ಏನಾಯಿತು?

1906ರ ಆಗಸ್ಟ್ 23ರಂದು ಸಿರಸಂಗಿಯ ಲಿಂಗರಾಜ ದೇಸಾಯರು ತೀರಿಕೊಂಡಾಗ ಅವರಿಗೆ 45 ವರ್ಷ. ಗಾದಿಗೆ ಬರಲು ಮಗನಿರಲಿಲ್ಲ. ದತ್ತು ತೆಗೆದುಕೊಂಡು ಮನೆತನ ಮುಂದುವರಿಸುವುದು ಆ ವಾಡೆಗೆ ಹೊಸದೇನೂ ಆಗಿರಲಿಲ್ಲ. ಶಿಗ್ಲಿಯ ಒಕ್ಕಲುಮನೆಯಲ್ಲಿ 1861ರ ಜನವರಿ 10ರಂದು ಹುಟ್ಟಿದ ಅವರೂ ಎಳೆಯ ವಯಸ್ಸಿನಲ್ಲಿ ದತ್ತುಮಗನಾಗಿ ಸಿರಸಂಗಿಗೆ ಬಂದವರೇ. ಆದರೂ ಆಸ್ತಿ ಒಬ್ಬ ವಾರಸುದಾರನ ಕೈಗೆ ಹೋಗುವುದು ಅವರಿಗೆ ಬೇಡವಾಯಿತು. ಲಿಂಗಾಯತ ಸಮಾಜದ ಬಡ ಮಕ್ಕಳ ಓದಿಗೆ ಅದನ್ನು ಬರೆದಿಟ್ಟರು. ಆ ಬರಹದಿಂದ ಹುಟ್ಟಿದ ನವಲಗುಂದ–ಸಿರಸಂಗಿ ಟ್ರಸ್ಟ್ ಬೆಳಗಾವಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಇಂದಿಗೂ ನಡೆಯುತ್ತಿದೆ.

ಇದು ನಮ್ಮ ಭಾಗದ ಶಾಲಾ ಮಕ್ಕಳಿಗೂ ಗೊತ್ತಿರುವ ಕಥೆ. ಜಯಂತಿಯ ದಿನ ವೇದಿಕೆಯ ಮೇಲಿಂದ ಅದನ್ನೇ ಮತ್ತೆ ಹೇಳುತ್ತೇವೆ, ಹೇಳಲೇಬೇಕು. ಆದರೆ ನೂರು ವರ್ಷ ದಾಟಿದ ಮೇಲೆ ಹಿಂದಿರುಗಿ ನೋಡುವಾಗ ಕೊಟ್ಟದ್ದನ್ನಷ್ಟೇ ಎಣಿಸಿದರೆ ಲೆಕ್ಕ ಅರ್ಧಕ್ಕೇ ನಿಂತಂತೆ. ಒಂದು ದೇಸಗತಿಯಲ್ಲಿ ಹೊಲವಿತ್ತು, ಕೆರೆಯಿತ್ತು, ಬದುವಿನ ಗಿಡಗಳಿದ್ದವು, ದನ ಮೇಯುವ ಮಡ್ಡಿಯಿತ್ತು, ಮಡ್ಡಿಯಲ್ಲಿ ಚಿಗರಿಯೂ ಕವಜುಗವೂ ಇದ್ದವು. ಇಂಗ್ಲೆಂಡಿನ ಹಳೆಯ ಜಮೀನುದಾರರ ಎಸ್ಟೇಟುಗಳಲ್ಲಿ ಬೆಳೆಯ ಹೊಲ, ಮಾರಾಟದ ಮರ, ಬೇಟೆಯ ಕಾಡು ಮೂರೂ ಒಂದೇ ಲೆಕ್ಕದ ಪುಸ್ತಕದಲ್ಲಿರುತ್ತಿದ್ದವು. ಒಂದು ಕೆಟ್ಟರೆ ಮತ್ತೊಂದು ಕೆಡುತ್ತದೆ ಎಂಬ ಅರಿವು ಆ ಪುಸ್ತಕದಿಂದಲೇ ಬರುತ್ತಿತ್ತು. ನಮ್ಮಲ್ಲಿಯೂ ಅವು ಮೂರೂ ಒಂದಕ್ಕೊಂದು ಹೆಣೆದುಕೊಂಡೇ ಇದ್ದವು, ಆದರೆ ಬರೆದಿಟ್ಟವರು ಕಡಿಮೆ. ಈ ಸಿಂಹಾವಲೋಕನದಲ್ಲಿ ನಾವು ಆ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದಿದ್ದೇವೆ.

ಸಿರಸಂಗಿ ಸಣ್ಣ ದೇಸಗತಿಯಲ್ಲ. 18ನೇ ಶತಮಾನದಲ್ಲಿ ಸವದತ್ತಿಯ ಊರೊಳಗಿನ ಕೋಟೆಯನ್ನು ಕಟ್ಟಿಸಿದ್ದು ಈ ಮನೆತನದವರೇ. ಅತ್ತ ನವಲಗುಂದದ ಎರಿ ಭೂಮಿ, ಇತ್ತ ಸವದತ್ತಿಯ ಗುಡ್ಡಸಾಲು, ನಡುವೆ ಮಲಪ್ರಭೆ. ನವಲಗುಂದದ ಕಡೆ ಕಣ್ಣು ಹಾಯುವಷ್ಟು ದೂರ ಕರಿಮಣ್ಣು. ಸವದತ್ತಿ–ರಾಮದುರ್ಗದ ಕಡೆ ಮರಳುಗಲ್ಲಿನ ಸಾಲುಗುಡ್ಡ, ಅವುಗಳ ಮಗ್ಗುಲಲ್ಲಿ ಕೆಂಪು ಮಡ್ಡಿ. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ನಂಬಿಕೆಯಿಲ್ಲದ್ದು. 1876ರಿಂದ 78ರ ಬರ ಈ ಸೀಮೆಯನ್ನು ಹಿಂಡಿದಾಗ ಲಿಂಗರಾಜರು ಹದಿನೈದು–ಹದಿನೇಳರ ಹುಡುಗ. ಹಗೇವು ಬರಿದಾಗುವುದು, ದನಗಳು ಮೇವಿಲ್ಲದೆ ಬೀಳುವುದು, ಒಕ್ಕಲಿಗ ಮಠದ ಬಾಗಿಲಿಗೆ ಬರುವುದು, ಇವೆಲ್ಲ ನಡೆಯುತ್ತಿದ್ದಾಗ ಅವರು ಇದೇ ಸೀಮೆಯಲ್ಲಿ ಬೆಳೆಯುತ್ತಿದ್ದರು. ಮುಂದೆ ಅವರು ಓದಿಗೆ ಇಷ್ಟು ದೊಡ್ಡ ಬೆಲೆ ಕೊಟ್ಟದ್ದಕ್ಕೆ ಆ ಎರಡು ವರ್ಷಗಳೂ ಕಾರಣ ಎಂದು ನಮಗೆ ಅನಿಸುತ್ತದೆ. ಮಳೆ ಕೈಕೊಟ್ಟರೂ ಕೈಬಿಡದ ಆಸ್ತಿ ಅಕ್ಷರವೊಂದೇ ಎಂದು ಆ ಬರ ನೋಡಿದವನಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಓದಿನ ಬಾಬಿನಲ್ಲಿ ಬಂದ ಫಲದ ಬಗ್ಗೆ ಎರಡು ಮಾತಿಲ್ಲ. 1904ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ನಡೆದಾಗ ಅಧ್ಯಕ್ಷ ಪೀಠದಲ್ಲಿದ್ದವರು ಲಿಂಗರಾಜರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸೊಸೈಟಿ ಹುಟ್ಟಿತು, 1933ರಲ್ಲಿ ಅದು ತೆರೆದ ಕಾಲೇಜಿಗೆ ಲಿಂಗರಾಜರ ಹೆಸರಿಟ್ಟರು. ಅಲ್ಲಿಯವರೆಗೆ ಈ ಭಾಗದ ಹುಡುಗ ಪದವಿಗೆ ಸಾಂಗಲಿ, ಕೊಲ್ಲಾಪುರ, ಪುಣೆಯ ದಾರಿ ಹಿಡಿಯಬೇಕಿತ್ತು, ಇಲ್ಲವೇ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಜಾಗ ಸಿಗಬೇಕಿತ್ತು. ಜೋಳದ ರೊಟ್ಟಿಯ ಗಂಟು ಕಟ್ಟಿಕೊಂಡು ಹೋದ ಎಷ್ಟೋ ಮಕ್ಕಳ ಫೀ ಕಟ್ಟಿದ್ದು ಸಿರಸಂಗಿಯ ಹೊಲದ ಉತ್ಪನ್ನ. ಅವರಲ್ಲಿ ಮಾಸ್ತರರಾದವರಿದ್ದಾರೆ, ವಕೀಲರಾದವರಿದ್ದಾರೆ, ಡಾಕ್ಟರಾದವರಿದ್ದಾರೆ. ಅವರ ಮೊಮ್ಮಕ್ಕಳು ಇಂದು ಈ ಸಂಪಾದಕೀಯ ಓದುತ್ತಿರಬಹುದು. ಕೋರ್ಟು ಕಚೇರಿಯ ವ್ಯಾಜ್ಯಗಳನ್ನು ದಾಟಿ, ಒಂದು ದೇಸಗತಿಯ ಹೆಸರು ವಾಡೆಯ ಹೊರಗೆ ಇಷ್ಟು ದೂರ ಬಂದದ್ದು ಕನ್ನಡ ನಾಡಿನಲ್ಲೇ ಅಪರೂಪ.

ಹೊಲದ ಬಾಬು ಬೇರೆ ದಾರಿ ಹಿಡಿಯಿತು. 1950ರ ಮುಂಬಯಿ ಕಾಯ್ದೆ ಪರಗಣಾ ವತನಗಳನ್ನು ರದ್ದು ಮಾಡಿ ದೇಸಾಯಿ, ದೇಶಪಾಂಡೆಗಳ ಪರಂಪರಾಗತ ಹಕ್ಕನ್ನು ಮುಗಿಸಿತು. 1974ರ ಭೂಸುಧಾರಣೆಯಲ್ಲಿ ಲಾವಣಿ ಮಾಡುತ್ತಿದ್ದವನೇ ಹೊಲದ ಒಡೆಯನಾದ. ಇದು ನ್ಯಾಯ, ಅದನ್ನು ನಾವು ಒಂದು ಅಕ್ಷರವೂ ಕಡಿಮೆ ಮಾಡದೆ ಹೇಳುತ್ತೇವೆ. ತಲೆಮಾರುಗಟ್ಟಲೆ ಕೋರು ಅಳೆದು ಕೊಟ್ಟವನ ಹೆಸರು ಪಹಣಿಯಲ್ಲಿ ಬಂದದ್ದು ದೊಡ್ಡ ಮಾತು. ಎಪ್ಪತ್ತರ ದಶಕದಲ್ಲೇ ನವಿಲುತೀರ್ಥದ ಅಣೆಕಟ್ಟು ಎದ್ದು ಮಲಪ್ರಭೆಯ ನೀರು ಕಾಲುವೆಗೆ ಬಂತು. ನೀರಿನ ಜತೆಗೆ ಸುಧಾರಣಾ ಕರವೂ ಬಂದು, 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿತು. ದೇಸಗತಿಯ ಅರ್ಧ ಹೆಸರು ಹೊತ್ತ ನವಲಗುಂದ ಅಂದಿನಿಂದ ರೈತ ಚಳವಳಿಯ ಊರಾಯಿತು. ಇವೆಲ್ಲ ಬರೆದಿಟ್ಟ ಇತಿಹಾಸ, ಪ್ರತಿ ವರ್ಷ ನೆನೆಯುವ ಇತಿಹಾಸ.

ಗಿಡದ ಇತಿಹಾಸ ಯಾರೂ ಬರೆಯಲಿಲ್ಲ.

ಯುಗಾದಿಯ ಹೊತ್ತಿಗೆ ಸಿರಸಂಗಿಯ ಕಾಳಮ್ಮನ ಜಾತ್ರೆ ಕೂಡುತ್ತದೆ. ಕಾಳಿಕಾದೇವಿ ಪಂಚಾಳರ, ಅಂದರೆ ಬಡಿಗೇರ, ಕಮ್ಮಾರ, ಕಂಚುಗಾರ, ಅಕ್ಕಸಾಲಿ, ಶಿಲ್ಪಿಗಳ ಕುಲದೈವ. ದೂರ ದೂರದಿಂದ ಬಡಿಗೇರ ಮನೆತನದವರು ಬರುತ್ತಾರೆ. ಕೆಲವು ವರ್ಷದ ಹಿಂದೆ ಗುಡಿಯ ಪೌಳಿಯಲ್ಲಿ ಕುಳಿತಿದ್ದ ಹಿರಿಯ ಬಡಿಗೇರರೊಬ್ಬರನ್ನು ಮಾತಾಡಿಸಿದೆವು.

‘ಅಜ್ಜಾರ, ಈಗ ಗಾಲಿಗೆ ಕಟಿಗಿ ಎಲ್ಲಿಂದ ತರಸ್ತೀರಿ?’

‘ಗಾಲಿ ಮಾಡು ಅಂತ ಯಾರ್ ಹೇಳ್ತಾರ್ರೀ ಸರ? ಟ್ರ್ಯಾಕ್ಟರ್ ಬಂದು ಚಕ್ಕಡಿ ಹ್ವಾದ್ವು. ಹೇಳಿದ್ರೂ ಜಾಲಿ ಎಲ್ಲೈತಿ? ಬದುವಿನ ಗಿಡಾ ಕಡದು ಇಟ್ಟಂಗಿ ಭಟ್ಟಿಗೆ ಹಾಕ್ಯಾರ. ನಾ ಈಗ ಬಾಗಲಾ ಚೌಕಟ್ಟ ಮಾಡ್ತೀನಿ. ಕಟಿಗಿ ಮಲೇಷಿಯಾದ್ದು ಅಂತಾರ. ಅದರ ವಾಸನಿನೂ ನನಗ ಗುರ್ತ ಇಲ್ಲ.’

ಆ ಕೊನೆಯ ಮಾತು ನಮ್ಮ ಮನಸ್ಸಿನಿಂದ ಹೋಗಿಲ್ಲ. ಕೈಯಲ್ಲಿ ಹಿಡಿದ ಕಟ್ಟಿಗೆಯ ವಾಸನೆಯಿಂದಲೇ ಅದು ಯಾವ ಹೊಲದ್ದು, ಎಷ್ಟು ಒಣಗಿದೆ ಎಂದು ಹೇಳಬಲ್ಲವರಿಗೆ ಈಗ ತಮ್ಮ ಕಸುಬಿನ ಕಟ್ಟಿಗೆಯೇ ಅಪರಿಚಿತ. ಈ ಸೀಮೆಯ ಮರಗಾರಿಕೆ ಮಲೆನಾಡಿನ ಹಾಗೆ ದೊಡ್ಡ ಕಾಡಿನದಲ್ಲ. ವಾಡೆಯ ಕಂಬಕ್ಕೆ, ತೊಲೆಗೆ ಸಾಗವಾನಿ ಬೇಕಾದರೆ ಕಿತ್ತೂರಿನಾಚೆಯ ಖಾನಾಪುರದ ಕಾಡಿನತ್ತ ನೋಡಬೇಕಿತ್ತು. ಉಳಿದದ್ದೆಲ್ಲ ಹೊಲದ ಅಂಚಿನಲ್ಲೇ ಬೆಳೆಯುತ್ತಿತ್ತು. ಕರಿ ಜಾಲಿಯಿಂದ ಗಾಲಿ, ರಂಟೆ, ಕೂರಿಗೆಯ ದಿಂಡು. ಜಾಲಿಯ ತೊಗಟೆ ಚರ್ಮ ಹದ ಮಾಡಲು, ಅಂಟು ಮಾರಲು, ಕಾಯಿ ಆಡಿಗೆ, ಮುಳ್ಳು ಬೇಲಿಗೆ. ಬೇವು ಜಂತೆಗೆ, ಹುಣಸೆ ಗಾಣಕ್ಕೆ. ಬಡಿಗೇರ ವರ್ಷವಿಡೀ ಒಕ್ಕಲುತನದ ಸಾಮಾನು ಮಾಡಿಕೊಟ್ಟು ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ತೆಗೆದುಕೊಂಡು ಹೋಗುತ್ತಿದ್ದ. ಗಿಡ ಒಕ್ಕಲಿಗನದು, ಕೈ ಬಡಿಗೇರನದು, ಆ ಎರಡರಿಂದ ಎದ್ದ ಚಕ್ಕಡಿ ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ ಹತ್ತುತ್ತಿತ್ತು. ಇದಕ್ಕಿಂತ ಚೊಕ್ಕಟವಾದ ಅರಣ್ಯ ವ್ಯಾಪಾರ ಯಾವ ದೇಶದಲ್ಲಿತ್ತು?

ಈ ವ್ಯವಸ್ಥೆ ಒಂದೇ ದಿನಕ್ಕೆ ಮುರಿಯಲಿಲ್ಲ. ಕಾಲುವೆ ಬಂದ ಹೊಲದಲ್ಲಿ ಬದುವಿನ ನೆರಳು ಬೆಳೆಗೆ ಅಡ್ಡಿಯೆನಿಸಿತು. ಟ್ರ್ಯಾಕ್ಟರಿಗೆ ತಿರುಗಲು ಜಾಗ ಬೇಕಾಯಿತು. ಅಣ್ಣತಮ್ಮಂದಿರ ಪಾಲಾದಾಗ ಮೊದಲು ಕಡಿದದ್ದು ಗಿಡ, ಏಕೆಂದರೆ ಅದನ್ನು ಹಂಚುವುದು ಸುಲಭವಲ್ಲ, ಮಾರಿ ದುಡ್ಡು ಹಂಚುವುದು ಸುಲಭ. ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸಾಮಾಜಿಕ ಅರಣ್ಯ ಎಂಬ ಯೋಜನೆ ಬಂದಾಗ ಹಳ್ಳಿಯ ಸೌದೆ, ಮೇವು, ಕಟ್ಟಿಗೆಯ ಕೊರತೆ ನೀಗುತ್ತದೆ ಎಂದರು. ರಾಜ್ಯದ ಬಹಳ ಕಡೆ ನೆಟ್ಟದ್ದು ನೀಲಗಿರಿ. ಅದರ ಎಲೆಯನ್ನು ಆಡು ಮುಟ್ಟಲಿಲ್ಲ, ಕಟ್ಟಿಗೆ ಬಡಿಗೇರನಿಗೆ ಒಗ್ಗಲಿಲ್ಲ, ಲಾಭವಾದದ್ದು ಕಾಗದ ಮತ್ತು ರೇಯಾನ್ ಕಾರ್ಖಾನೆಗೆ. 1983ರಲ್ಲಿ ರೈತ ಸಂಘದವರು ತುಮಕೂರು ಕಡೆಯ ನರ್ಸರಿಗಳಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತೆಸೆದದ್ದು ಸುಮ್ಮನಲ್ಲ. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದೆಂದು ಆಜ್ಞೆ ಮಾಡಿತು. ರೈತರು ಹೇಳಿದ್ದು ಸರಿಯೆಂದು ಒಪ್ಪಲು ಮೂರು ದಶಕಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ನಮ್ಮ ಹಳ್ಳದ ದಂಡೆ, ಬಿಟ್ಟ ಹೊಲ, ಕೆರೆಯಂಗಳಗಳಲ್ಲಿ ಬಳ್ಳಾರಿ ಜಾಲಿ ಹಬ್ಬಿತ್ತು. ಹೆಸರಿನಲ್ಲಿ ಜಾಲಿ ಇದ್ದರೂ ಅದು ನಮ್ಮ ಕರಿ ಜಾಲಿಯ ಕುಲದ್ದಲ್ಲ, ಹೊರದೇಶದಿಂದ ಬಂದ ಗಿಡ. ಒಲೆಗೆ ಆಗುತ್ತದೆ, ಇದ್ದಿಲಿಗೆ ಆಗುತ್ತದೆ, ಆದರೆ ತನ್ನ ಬುಡದಲ್ಲಿ ಹುಲ್ಲು ಬೆಳೆಯಲು ಬಿಡುವುದಿಲ್ಲ.

ಹುಲ್ಲಿನ ಮಾತು ಬಂದಮೇಲೆ ಮಡ್ಡಿಗೆ ಹೋಗಲೇಬೇಕು, ಏಕೆಂದರೆ ಈ ಲೆಕ್ಕದಲ್ಲಿ ಅತಿ ದೊಡ್ಡ ನಷ್ಟ ಅಲ್ಲಿದೆ.

ಹಳಬರು ಕುರಣ ಎನ್ನುತ್ತಿದ್ದರು. ಊರಿನ ದನಕ್ಕೆ, ಸಂಸ್ಥಾನದ ಕುದುರೆಗೆ ಕಾಯ್ದಿಟ್ಟ ಹುಲ್ಲಗಾವಲು. ಊರ ಹೆಸರಿನಲ್ಲಿದ್ದ ಮೇವಿನ ಭೂಮಿ ಗಾಯರಾಣ. ಅಲ್ಲಿ ದನದ ಜತೆಗೆ ಬೇಟೆಯ ಪ್ರಾಣಿಗಳೂ ಮೇಯುತ್ತಿದ್ದವು. ಪುಸ್ತಕದಲ್ಲಿ ಕೃಷ್ಣಮೃಗ ಎನ್ನುವುದನ್ನು ನಮ್ಮ ಜನ ಚಿಗರಿ ಎನ್ನುತ್ತಾರೆ. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳ ಬಯಲಿನಲ್ಲಿ ಅವು ಹಿಂಡುಹಿಂಡಾಗಿದ್ದವು; ಮುಂಬಯಿ ಸರ್ಕಾರದ ಸಾಹೇಬರು ಸರ್ಕೀಟಿಗೆ ಬಂದಾಗ ಬಂದೂಕಿಗೆ ಮೊದಲು ಸಿಕ್ಕುತ್ತಿದ್ದ ಪ್ರಾಣಿಯೇ ಅದು. ಹೆಬ್ಬಕವೆಂಬ ದೊಡ್ಡ ಹಕ್ಕಿಯೂ ಇತ್ತು. ಎರ್ಲಡ್ಡು ಎಂಬ ಅದರ ಇನ್ನೊಂದು ಹೆಸರಿನಲ್ಲಿ ಎರಿಯ ನೆನಪಿದೆ. ಮುಧೋಳದ ಘೋರ್ಪಡೆಯವರು ಸಾಕಿ ಬೆಳೆಸಿದ ಬೇಟೆನಾಯಿ ಈ ಬಯಲಿಗಾಗಿಯೇ ಹುಟ್ಟಿದ ತಳಿ: ಉದ್ದ ಕಾಲು, ಬಿಲ್ಲಿನಂಥ ಬೆನ್ನು, ಬಯಲಿನಲ್ಲಿ ಮೊಲದ ಬೆನ್ನು ಹತ್ತಿ ಹಿಡಿಯುವ ಓಟ. ಈ ಸೀಮೆಯ ಬೇಡರಿಗೆ ಬೇಟೆಯೇ ಜೀವನ, ಆಯುಧವೇ ಮಾನ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾನೂನು ಬಂದಾಗ ಹಲಗಲಿಯ ಬೇಡರು ಅದೇ ನವೆಂಬರಿನಲ್ಲಿ ಪ್ರಾಣ ಕೊಟ್ಟರೇ ಹೊರತು ಆಯುಧ ಕೊಡಲಿಲ್ಲ. ಆರು ತಿಂಗಳ ಮೇಲೆ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬರ ಜನ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ತೆಗೆದರು. ಬೇಟೆ, ಬಂದೂಕು, ಬಂಡಾಯ ಇವನ್ನು ಈ ನೆಲದಲ್ಲಿ ಬೇರೆ ಬೇರೆ ಮಾಡಿ ಹೇಳಲು ಬರುವುದಿಲ್ಲ.

ಬೇಟೆಯನ್ನು ನಾವು ಹೊಗಳುತ್ತಿಲ್ಲ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ತೆರೆ ಎಳೆದದ್ದು ಸರಿ. ಆದರೆ ಒಂದು ಸತ್ಯವನ್ನು ಒಪ್ಪಬೇಕು. ಬೇಟೆಯ ಮೋಜಿಗಾಗಿಯಾದರೂ ಕಾಡನ್ನು ಕಾಯ್ದ ಕಡೆ ಕಾಡು ಉಳಿಯಿತು. ಮೈಸೂರು ಅರಸರ ಬೇಟೆಯ ನೆಲವೇ 1941ರಲ್ಲಿ ವೇಣುಗೋಪಾಲ ವನ್ಯಧಾಮವಾಗಿ, 1973ರಲ್ಲಿ ಬಂಡೀಪುರ ಹುಲಿ ಯೋಜನೆಯಾಗಿ ಬೆಳೆಯಿತು. ನಮ್ಮ ಬಯಲುಸೀಮೆಯ ಕುರಣಕ್ಕೆ ಅಂಥ ಕಾವಲುಗಾರನಿರಲಿಲ್ಲ. ವತನ ರದ್ದಾದಾಗ ದೇಸಾಯರ ಹಿಡಿತ ಹೋಯಿತು. ಉಳುವವನಿಗೆ ಹೊಲ ಬಂತು. ಉಳದೇ ಬಿಟ್ಟ ಹುಲ್ಲುನೆಲ ಮಾತ್ರ ಯಾರದ್ದೂ ಆಗದೆ ಉಳಿಯಿತು. ಕಂದಾಯ ಇಲಾಖೆಯ ಪುಸ್ತಕದಲ್ಲಿ ಅದು ಪಡ, ಅಂದರೆ ಬಂಜರು. ಬಂಜರು ಎಂದು ಒಮ್ಮೆ ಬರೆದ ಮೇಲೆ ಅದನ್ನು ಯಾರು ಬೇಕಾದರೂ ಯಾವುದಕ್ಕಾದರೂ ಕೇಳಬಹುದಾಯಿತು: ಆಶ್ರಯ ಮನೆಗೆ, ಕಲ್ಲುಕ್ವಾರಿಗೆ, ಗಾಳಿ ವಿದ್ಯುತ್ತಿನ ಕಂಬಕ್ಕೆ, ಒತ್ತುವರಿಗೆ. ಅರಣ್ಯ ಇಲಾಖೆಯೂ ಕೆಲವೆಡೆ ಹುಲ್ಲುನೆಲವನ್ನು ಗಿಡವಿಲ್ಲದ ಬಡ ಕಾಡು ಎಂದು ತಿಳಿದು ಸಾಲುಗಿಡ ನೆಟ್ಟಿತು.

ಇದರಿಂದ ಏನಾಗುತ್ತದೆ ಎನ್ನಲು ರಾಣೆಬೆನ್ನೂರು ಸಾಕು. 1974ರಲ್ಲಿ ಅಲ್ಲಿ ಚಿಗರಿ ಮತ್ತು ಹೆಬ್ಬಕಕ್ಕಾಗಿ ಅಭಯಾರಣ್ಯವಾಯಿತು. ಆದರೆ ನೀಲಗಿರಿ ನೆಡುತೋಪು ಬಯಲನ್ನು ಮುಚ್ಚಿತು. ಚಿಗರಿ ಹೇಗೋ ಹೊಂದಿಕೊಂಡಿತು, ಹೆಬ್ಬಕ ಹೊಂದಿಕೊಳ್ಳಲಿಲ್ಲ. ನಾಲ್ಕು ದಿಕ್ಕಿಗೂ ದೃಷ್ಟಿ ಹರಿಯುವ ತೆರೆದ ಹುಲ್ಲು ಅದಕ್ಕೆ ಬೇಕು. ಇಂದು ಕರ್ನಾಟಕದಲ್ಲಿ ಅದನ್ನು ನೋಡಬೇಕಾದರೆ ಸಿರುಗುಪ್ಪದ ಎರಿಹೊಲಕ್ಕೆ ಹೋಗಿ ಬೆರಳೆಣಿಕೆಯ ಹಕ್ಕಿಗಳನ್ನು ಹುಡುಕಬೇಕು. ಗಿಡ ನೆಡುವುದೆಲ್ಲ ಪುಣ್ಯ ಎಂದು ನಂಬಿ ಬೆಳೆದ ನಮಗೆ ಇದು ಕಹಿ ಪಾಠ. ಈ ಬರಹಗಾರನೂ ಎಷ್ಟೋ ವನಮಹೋತ್ಸವಗಳಲ್ಲಿ ಮಡ್ಡಿಯ ಮೇಲೆ ಗುಂಡಿ ತೋಡಿದವನೇ. ಮರ ಬದುವಿಗೆ, ಕೆರೆಯ ದಂಡೆಗೆ, ಹಾದಿಯ ಮಗ್ಗುಲಿಗೆ, ಮಡ್ಡಿ ಹುಲ್ಲಿಗೆ. ಹಿಂದಿನವರ ಈ ಹಂಚಿಕೆಯನ್ನು ಯಾರೂ ಕಾಯ್ದೆಯಲ್ಲಿ ಬರೆದಿರಲಿಲ್ಲ, ಆದರೆ ಅದು ಸರಿಯಾಗಿತ್ತು.

ಚಿಗರಿ ಎಂಬ ಹೆಸರು ಈಗ ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸಿನ ಮೇಲಿದೆ. ಒಳ್ಳೆಯ ಹೆಸರು, ಆ ಬಸ್ಸಿನಲ್ಲಿ ಕೂತಾಗಲೆಲ್ಲ ಸಂತೋಷವಾಗುತ್ತದೆ. ಆದರೆ ಅದರಲ್ಲಿ ಕಾಲೇಜಿಗೆ ಹೋಗುವ ಮಕ್ಕಳಲ್ಲಿ ಎಷ್ಟು ಜನ ಚಿಗರಿ ಜಿಗಿಯುವುದನ್ನು ನೋಡಿದ್ದಾರೆ?

ಕಾಳಮ್ಮನ ಸ್ಥಳಪುರಾಣದಲ್ಲಿ ದೇವಿ ಕೊಂದ ರಾಕ್ಷಸರೆಲ್ಲ ಸುತ್ತಲಿನ ಊರ ಹೆಸರಿನವರು: ನವಲಗುಂದಕ್ಕೊಬ್ಬ, ನರಗುಂದಕ್ಕೊಬ್ಬ, ಬೆಟಸೂರಿಗೊಬ್ಬ, ಹಿರೇಕುಂಬಿ ಚಿಕ್ಕುಂಬಿಗೆ ಒಬ್ಬೊಬ್ಬ. ಸಿರಸಂಗಿಯ ಹೆಸರಿನೊಂದಿಗೆ ಋಷ್ಯಶೃಂಗನ ನೆನಪೂ ಅಂಟಿದೆ. ಮಳೆ ತಂದ ಋಷಿ ಆತ; ಹುಟ್ಟಿದ್ದು ಜಿಂಕೆಯ ಹೊಟ್ಟೆಯಲ್ಲಿ, ಹಣೆಯ ಮೇಲೆ ಕೊಂಬು. ಜಿಂಕೆ, ಅಡವಿ, ಮಳೆ ಈ ಮೂರನ್ನು ಒಂದೇ ಕಥೆಯಲ್ಲಿ ಹೆಣೆದು ಇಟ್ಟ ಊರು ಇದು. ಆ ಊರಿನ ಮಡ್ಡಿಯಲ್ಲಿ ಹುಲ್ಲಿಗೆ ಜಾಗವಿಲ್ಲವೆಂದರೆ ನಮ್ಮ ಪೀಳಿಗೆಗೆ ಅದಕ್ಕಿಂತ ದೊಡ್ಡ ಅಪಮಾನ ಬೇರಿಲ್ಲ.

ಹಾಗಾದರೆ ಲೆಕ್ಕ ಹೇಗೆ ನಿಂತಿದೆ? ವಿದ್ಯೆಯ ಬಾಬಿನಲ್ಲಿ ಒಂದು ನೂರಾಗಿ ಬೆಳೆದಿದೆ. ಹೊಲದ ಬಾಬಿನಲ್ಲಿ ಒಡೆತನ ದುಡಿಯುವವನ ಕೈಗೆ ಬಂದಿದೆ, ಬೆಲೆಯ ಜಗಳ ಇನ್ನೂ ಮುಗಿದಿಲ್ಲ. ಗಿಡ ಮತ್ತು ಹುಲ್ಲಿನ ಬಾಬಿನಲ್ಲಿ ನಾವು ಮೂಲ ಬಂಡವಾಳವನ್ನೇ ತಿಂದು ಕುಳಿತಿದ್ದೇವೆ.

ಸರಿಮಾಡಲು ದೊಡ್ಡ ಹಣ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ಸಮಿತಿ ಇರಬೇಕು, ದಾಖಲಾತಿ ಇರಬೇಕು. ಸಿರಸಂಗಿ ಮತ್ತು ಸುತ್ತಲಿನ ಊರುಗಳ ಸಮಿತಿಯವರು ಗಾಯರಾಣದ ಸರ್ವೆ ನಂಬರುಗಳನ್ನು ಅದರಲ್ಲಿ ಹುಲ್ಲುನೆಲ ಎಂದೇ ಬರೆಸಲಿ. ಪಡ ಎಂಬ ಶಬ್ದ ಹೋಗಲಿ. ಕುರಿಗಾರರನ್ನು ಕೂಡಿಸಿ ಎಲ್ಲಿ ಚಿಗರಿ, ತೋಳ, ಮೊಲ, ಬುರ್ಲಿ ಕಂಡಿವೆಯೆಂದು ಕೇಳಲಿ, ಅವರಷ್ಟು ಬಲ್ಲವರು ಯಾವ ಇಲಾಖೆಯಲ್ಲೂ ಇಲ್ಲ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿದ ಸಸಿಗೆ ಮೂರು ವರ್ಷ ಹಣ ಬರುತ್ತದೆ. ಅದರಲ್ಲಿ ಬೇವು, ಹುಣಸೆ, ಶ್ರೀಗಂಧದ ಸಸಿಗಳನ್ನು ಕೇಳಿ ಪಡೆಯಬಹುದು. ಶ್ರೀಗಂಧ ಬೆಳೆದವನಿಗೇ ಸೇರಿದ್ದೆಂದು 2001ರಲ್ಲೇ ಕಾಯ್ದೆ ತಿದ್ದುಪಡಿಯಾಗಿದೆ, ಹೆದರಬೇಕಿಲ್ಲ. ಲಿಂಗರಾಜರ ಹೆಸರಿನ ಟ್ರಸ್ಟಿಗೆ ನಮ್ಮ ವಿನಂತಿ ಒಂದೇ. ನೀವು ಕೊಡುವ ವಿದ್ಯಾರ್ಥಿವೇತನಗಳಲ್ಲಿ ಕೆಲವನ್ನಾದರೂ ಈ ಸೀಮೆಯ ಹುಲ್ಲು, ಮಣ್ಣು, ಗಿಡ, ಹಕ್ಕಿಗಳ ಅಧ್ಯಯನಕ್ಕೆ ಮೀಸಲಿಡಿ. ಈ ನೆಲದ ಉತ್ಪನ್ನದಿಂದ ಓದಿದ ಮಕ್ಕಳು ಒಮ್ಮೆ ಈ ನೆಲವನ್ನೂ ಓದಲಿ.

ಓದುಗರಿಗೂ ಒಂದು ಮಾತು. ಜಾಲಿಕಾಯಿ ತಿಂದ ಆಡುಗಳ ಹೊಟ್ಟೆ ಸೇರಿ ಬಂದ ಬೀಜ ಬೇಗ ಮೊಳೆಯುತ್ತದೆ, ಕುರಿದೊಡ್ಡಿಯ ಗೊಬ್ಬರದಲ್ಲಿ ಅದು ಹೇರಳವಾಗಿ ಸಿಗುತ್ತದೆ. ಯುಗಾದಿಗೆ ಕಾಳಮ್ಮನ ದರ್ಶನ ಮಾಡಿಕೊಂಡು ಊರಿಗೆ ಮರಳಿದವರು, ಮುಂಗಾರಿಗೆ ಮೊದಲು ಒಂದು ಬೊಗಸೆ ಕರಿ ಜಾಲಿಯ ಬೀಜ ತಂದು ನಿಮ್ಮ ಹೊಲದ ಬದುವಿಗೆ ಹಾಕಿ.